ಬ್ಲೋವರ್ ಗ್ರಾಫಿಕ್ಸ್ ಕಾರ್ಡಿನ ಗದ್ದಲ ಇಳಿಸುವುದು: ಹೊಸ ಕೂಲರ್ ಕೂರಿಸುವ ಕ್ರಮ

ಎನ್‌ವಿಡಿಯಾ ತನ್ನದೇ ವಿನ್ಯಾಸದಲ್ಲಿ ತಂದ ಜಿಟಿಎಕ್ಸ್ 1070 ಮತ್ತು 1080ರ ಫೌಂಡರ್ಸ್ ಎಡಿಷನ್ ಕಾರ್ಡುಗಳು 2016ರಲ್ಲಿ ಬಂದವು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ, ಹಳೆಯ ವರ್ಕ್‌ಸ್ಟೇಷನ್ ಬಿಚ್ಚಿ ಮಾರುವವರ ಹತ್ತಿರ ಇವತ್ತಿಗೂ ಸಿಗುತ್ತವೆ. 1080ಪಿ ಆಟಕ್ಕೆ ಇನ್ನೂ ಸಾಕು. ಆದರೆ ಇವುಗಳದ್ದು ಬ್ಲೋವರ್ ಕೂಲರ್. ಒಂದೇ ಒಂದು ಸಣ್ಣ ಚಕ್ರ ಗಾಳಿ ಎಳೆದುಕೊಂಡು, ಮುಚ್ಚಿದ ಕವಚದೊಳಗಿನ ಕಿರಿದಾದ ರೆಕ್ಕೆಗಳ ನಡುವೆ ತಳ್ಳಿ, ಕೇಸಿನ ಹಿಂಭಾಗದಿಂದ ಹೊರಹಾಕುತ್ತದೆ. 1080 ಕಾರ್ಡಿನ 180 ವ್ಯಾಟ್ ಶಾಖವನ್ನು ಅಷ್ಟು ಇಕ್ಕಟ್ಟಿನಲ್ಲಿ ಸಾಗಿಸಬೇಕಾದರೆ ಚಕ್ರ ಎರಡು ಸಾವಿರ ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ದಾಟಲೇಬೇಕು. ಅಷ್ಟಾದರೂ ಚಿಪ್ 82–83 ಡಿಗ್ರಿಯಲ್ಲೇ ನಿಂತು, ಬಿಸಿ ತಡೆಯಲು ತನ್ನ ವೇಗವನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ.

ಅದೇ ಫ್ಯಾನಿನ ವೇಗ ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಹಾಗಾಗಿ ದೊಡ್ಡ ಹೀಟ್‌ಸಿಂಕ್ (ಬಿಸಿ ಹೀರಿ ಗಾಳಿಗೆ ಬಿಡುವ ಲೋಹದ ರೆಕ್ಕೆಗಳ ಕಟ್ಟು) ಹಾಕಿ, ಅದರ ಮೇಲೆ ಎರಡು 120 ಮಿ.ಮೀ. ಫ್ಯಾನುಗಳನ್ನು ಸಾವಿರ ಆರ್‌ಪಿಎಂ ಆಸುಪಾಸಿನಲ್ಲಿ ತಿರುಗಿಸಿದರೆ ಕಾರ್ಡು ತಂಪೂ ಆಗುತ್ತದೆ, ಸುಮ್ಮನೂ ಆಗುತ್ತದೆ. ಚಿಪ್ಪನ್ನು ತಂಪಾಗಿಸುವುದು ಈ ಕೆಲಸದ ಸುಲಭದ ಭಾಗ. ಅದರ ಸುತ್ತ ಇರುವ ಮೆಮೊರಿ ಮತ್ತು ವಿಆರ್‌ಎಂ (ಚಿಪ್ಪಿಗೆ ಬೇಕಾದಷ್ಟಕ್ಕೆ ವೋಲ್ಟೇಜ್ ಇಳಿಸಿಕೊಡುವ ಭಾಗ) ಕಡೆಗೆ ಗಮನ ಕೊಡದೆ ಹೋದವರ ಕಾರ್ಡುಗಳೇ ಹೆಚ್ಚಾಗಿ ಸಾಯುವುದು. ಆ ಭಾಗವನ್ನು ಕೆಳಗೆ ಸ್ವಲ್ಪ ಉದ್ದಕ್ಕೇ ಬರೆದಿದ್ದೇವೆ.

ಸದ್ದು ಎಲ್ಲಿಂದ ಬರುತ್ತಿದೆ?

ದುಡ್ಡು ಹಾಕುವ ಮೊದಲು ಇದನ್ನು ಖಚಿತಪಡಿಸಿಕೊಳ್ಳಿ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ಸಾಫ್ಟ್‌ವೇರ್ ತೆರೆದು ಫ್ಯಾನ್ ವೇಗವನ್ನು ಕೈಯಿಂದ 30, 50, 70 ಶೇಕಡಾಕ್ಕೆ ಇಟ್ಟು ಕೇಳಿ. ಸದ್ದು ಅದರ ಜೊತೆಗೇ ಏರಿಳಿದರೆ ಅದು ಫ್ಯಾನಿನದೇ. ಫ್ಯಾನ್ ವೇಗ ಎಷ್ಟೇ ಇರಲಿ, ಆಟದ ಮೆನು ಪರದೆಯಲ್ಲಿ ಫ್ರೇಮ್ ರೇಟ್ ನೂರಾರಕ್ಕೆ ಹಾರಿದಾಗ ಮಾತ್ರ ಕೀರಲು ದನಿ ಬಂದರೆ ಅದು ಕಾಯಿಲ್ ವೈನ್. ಕಾರ್ಡಿನ ಕಾಯಿಲ್‌ಗಳು ಕಂಪಿಸುವುದರಿಂದ ಬರುವ ಆ ದನಿ ಕೂಲರ್ ಬದಲಿಸಿದರೆ ಹೋಗುವುದಿಲ್ಲ, ಬೇರೆ ಸದ್ದು ಇಳಿದ ಮೇಲೆ ಇನ್ನೂ ಎದ್ದು ಕೇಳುತ್ತದೆ. ಅದಕ್ಕೆ ಮದ್ದು ಫ್ರೇಮ್ ರೇಟಿಗೆ ಮಿತಿ ಹಾಕುವುದು.

ಫ್ಯಾನಿನದೇ ಎಂದಾದ ಮೇಲೂ ಎರಡು ಪುಕ್ಕಟೆ ಉಪಾಯ ನೋಡಿಬಿಡಿ. ಬ್ಲೋವರ್ ಕವಚ ತೆಗೆದರೆ ರೆಕ್ಕೆಗಳ ಬಾಯಿಗೇ ಧೂಳು ಮೆತ್ತಿಕೊಂಡು ಗಾಳಿ ಅರ್ಧಕ್ಕರ್ಧ ನಿಂತಿರುವುದು ಸಾಮಾನ್ಯ. ಬ್ರಷ್ ಮತ್ತು ಏರ್ ಬ್ಲೋವರ್‌ನಿಂದ ತೆಗೆಯಿರಿ. ಊದುವಾಗ ಚಕ್ರ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಅತಿ ವೇಗಕ್ಕೆ ಬೇರಿಂಗ್ ಹಾಳಾಗುತ್ತದೆ. ಎರಡನೆಯದು ವೋಲ್ಟೇಜ್ ಇಳಿಸುವುದು. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿದರೆ ವೋಲ್ಟೇಜ್ ಕರ್ವ್ ತೆರೆಯುತ್ತದೆ. 1080 ಕಾರ್ಡುಗಳಲ್ಲಿ ಬಹುತೇಕವು 0.9 ವೋಲ್ಟಿನಲ್ಲಿ 1800 ಮೆಗಾಹರ್ಟ್ಜ್ ನಡೆಸುತ್ತವೆ. ಅಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಬೇಡವೆಂದರೆ ಪವರ್ ಲಿಮಿಟ್ 80 ಶೇಕಡಾಕ್ಕೆ ಇಟ್ಟರೂ ಸಾಕು, ಆಟದಲ್ಲಿ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಹೊಸ ಕೂಲರ್ ಹಾಕಿದ ಮೇಲೂ ಈ ಸೆಟ್ಟಿಂಗ್ ಇಟ್ಟುಕೊಳ್ಳಿ.

ಯಾವ ಕೂಲರ್?

ಗ್ರಾಫಿಕ್ಸ್ ಕಾರ್ಡಿಗೆಂದೇ ಬೇರೆಯಾಗಿ ಮಾರುವ ಗಾಳಿ ಕೂಲರುಗಳು ಈಗ ಕಡಿಮೆ. ಹೆಸರು ಮಾಡಿದವು ಎರಡು. ರೈಜಿನ್‌ಟೆಕ್ ಮಾರ್ಫಿಯಸ್ 2 ಬರೀ ಹೀಟ್‌ಸಿಂಕ್, ಬಿಸಿ ಸಾಗಿಸುವ 6 ಮಿ.ಮೀ. ದಪ್ಪದ 12 ಕೊಳವೆಗಳು, ಅಂದರೆ ಹೀಟ್‌ಪೈಪ್‌ಗಳಿವೆ, ಮೇಲೆ ಎರಡು 120 ಮಿ.ಮೀ. ಫ್ಯಾನ್ ನೀವೇ ಹಾಕಿಕೊಳ್ಳಬೇಕು. ಆರ್ಕ್ಟಿಕ್ ಅಕ್ಸೆಲೆರೊ ಎಕ್ಸ್‌ಟ್ರೀಮ್ ಸಾಲಿನದ್ದಕ್ಕೆ ಮೂರು 92 ಮಿ.ಮೀ. ಫ್ಯಾನುಗಳು ಕೂಡಿಯೇ ಬರುತ್ತವೆ. ನಮ್ಮ ಆಯ್ಕೆ ಮಾರ್ಫಿಯಸ್. 120 ಮಿ.ಮೀ. ಫ್ಯಾನ್ ಎಲ್ಲ ಕಡೆ ಸಿಗುತ್ತದೆ, ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಕೂಲರ್ ಮಾತ್ರ ಬೆಂಗಳೂರಿನ ಎಸ್‌ಪಿ ರೋಡಿನಲ್ಲೂ ಕೇಳಿದ ತಕ್ಷಣ ಕೈಗೆ ಬರುವ ಸಾಮಾನಲ್ಲ, ಹೊರದೇಶದಿಂದ ತರಿಸಬೇಕು ಅಥವಾ ಸೆಕೆಂಡ್ ಹ್ಯಾಂಡ್ ಹುಡುಕಬೇಕು. ಈ ಕಾರ್ಡುಗಳ ಸಾಮಾನ್ಯ ಡ್ರೈವರ್ ಬೆಂಬಲವನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸಿ ಭದ್ರತಾ ಅಪ್‌ಡೇಟಿಗಷ್ಟೇ ಇಳಿಸಿದೆ ಎನ್ನುವುದೂ ನೆನಪಿರಲಿ. ಕಾರ್ಡಿನ ಇವತ್ತಿನ ಬೆಲೆಯ ಅರ್ಧಕ್ಕಿಂತ ಹೆಚ್ಚನ್ನು ಕೂಲರಿಗೆ ಸುರಿಯಬೇಡಿ.

ಕೊಳ್ಳುವ ಮೊದಲು ಮೂರು ಅಳತೆ ತೆಗೆದುಕೊಳ್ಳಿ. ಚಿಪ್ಪಿನ ಸುತ್ತಲಿನ ನಾಲ್ಕು ತೂತುಗಳ ನಡುವಿನ ದೂರವನ್ನು, ತೂತಿನ ಮಧ್ಯದಿಂದ ಮಧ್ಯಕ್ಕೆ, ಕ್ಯಾಲಿಪರ್‌ನಲ್ಲಿ ಅಳೆಯಿರಿ. 1070, 1080ಕ್ಕೆ ಇದು 58.4 ಮಿ.ಮೀ.; ಆರ್‌ಎಕ್ಸ್ 580ರಂಥ ಎಎಂಡಿ ಕಾರ್ಡುಗಳಿಗೆ 53.3ರ ಹತ್ತಿರ. ಈ ಅಳತೆ ಕೂಲರಿನ ಪಟ್ಟಿಯಲ್ಲಿ ಇಲ್ಲದಿದ್ದರೆ ಮುಂದಿನದೆಲ್ಲ ವ್ಯರ್ಥ. ಎರಡನೆಯದು ದಪ್ಪ. ಮಾರ್ಫಿಯಸ್ 44 ಮಿ.ಮೀ., ಅದರ ಮೇಲೆ 25 ಮಿ.ಮೀ. ಫ್ಯಾನ್, ಒಟ್ಟು 69. ಒಂದು ಸ್ಲಾಟ್ ಸುಮಾರು 20 ಮಿ.ಮೀ. ಆದ್ದರಿಂದ ನಾಲ್ಕು ಸ್ಲಾಟ್ ಜಾಗ ಹಿಡಿಯಿರಿ, ಅದರ ಕೆಳಗೆ ಗಾಳಿ ಬರಲು ಇನ್ನೂ 20 ಮಿ.ಮೀ. ಖಾಲಿ ಇರಲಿ. ಮೂರನೆಯದು ಕೇಸಿನ ಗಾಳಿ. ಬ್ಲೋವರ್ ಬಿಸಿಯನ್ನು ಹೊರಗೆ ಹಾಕುತ್ತಿತ್ತು, ಹೊಸದು ಅಷ್ಟನ್ನೂ ಕೇಸಿನೊಳಗೇ ಬಿಡುತ್ತದೆ. ಮುಂದೆ ಎರಡು, ಹಿಂದೆ ಒಂದು ಕೇಸ್ ಫ್ಯಾನ್ ಇಲ್ಲದಿದ್ದರೆ ಮೊದಲು ಅವನ್ನು ಹಾಕಿಸಿ. ಇಕ್ಕಟ್ಟಾದ ಪುಟ್ಟ ಕೇಸಿನಲ್ಲಿ ಬ್ಲೋವರೇ ವಾಸಿ, ಅಂಥವರು ವೋಲ್ಟೇಜ್ ಇಳಿಸಿ ಅಲ್ಲಿಗೆ ನಿಲ್ಲಿಸುವುದು ಒಳ್ಳೆಯದು.

ಬೇಕಾದ ಸಾಮಾನು

ಫಿಲಿಪ್ಸ್ ಸ್ಕ್ರೂಡ್ರೈವರ್ ಎರಡು ಗಾತ್ರ, ಸೊನ್ನೆ ಮತ್ತು ಒಂದು. 4 ಮಿ.ಮೀ. ನಟ್ ಡ್ರೈವರ್, ಫೌಂಡರ್ಸ್ ಎಡಿಷನ್‌ಗೆ ಇದಿಲ್ಲದೆ ನಡೆಯುವುದಿಲ್ಲ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ 100 ಮಿ.ಲೀ., ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಐಪಿಎ ಅಂತ ಕೇಳಿ. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಬೇಡ, ಅದರಲ್ಲಿ ಬೇರೆ ಪದಾರ್ಥ ಬೆರೆತಿರಬಹುದು. ನೂಲು ಬಿಡದ ಬಟ್ಟೆ ಅಥವಾ ಕಾಫಿ ಫಿಲ್ಟರ್ ಕಾಗದ. ಚಿಪ್ಪಿಗೂ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ 2 ಗ್ರಾಂ, ಆರ್ಕ್ಟಿಕ್ ಎಂಎಕ್ಸ್-4 ಅಥವಾ ಎಂಎಕ್ಸ್-6 ಸಾಕು. ಮೆಮೊರಿಗೆ ಅಂಟಿಸುವ ಪುಟ್ಟ ಹೀಟ್‌ಸಿಂಕ್‌ಗಳು ಕೂಲರಿನ ಡಬ್ಬಿಯಲ್ಲೇ ಇರುತ್ತವೆ, ಅಂಟಿಸಲು 3ಎಂ 8810 ಟೇಪ್. ಎರಡು ಪಿಡಬ್ಲ್ಯುಎಂ ಫ್ಯಾನ್ (ವೇಗ ಹೊಂದಿಸಬಹುದಾದ 4-ಪಿನ್ನಿನದು), ಆರ್ಕ್ಟಿಕ್ ಪಿ12 ಅಥವಾ ದುಡ್ಡಿದ್ದರೆ ನಾಕ್ಟುವಾ ಎನ್‌ಎಫ್-ಎ12ಎಕ್ಸ್25. ಗ್ರಾಫಿಕ್ಸ್ ಕಾರ್ಡಿನ ಮಿನಿ 4-ಪಿನ್‌ನಿಂದ ಮಾಮೂಲಿ 4-ಪಿನ್‌ಗೆ ಅಡಾಪ್ಟರ್, ಒಂದು ವೈ-ಸ್ಪ್ಲಿಟರ್. ಕಾರ್ಡ್ ಜೋತು ಬೀಳದಂತೆ ಹಿಡಿಯುವ ಆಸರೆ.

ವಾರಂಟಿ ಇನ್ನೂ ಇರುವ ಕಾರ್ಡಾದರೆ ಸ್ಕ್ರೂ ಮೇಲಿನ ಸ್ಟಿಕ್ಕರ್ ಹರಿದ ಕ್ಷಣಕ್ಕೆ ಸರ್ವಿಸ್ ಸೆಂಟರಿನವರು ತಕರಾರು ತೆಗೆಯಬಹುದು. ಮುಗಿಯುವವರೆಗೆ ಕಾಯಿರಿ.

ಬಿಚ್ಚುವುದು

1. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿಯಿರಿ. ಕಾರ್ಡ್ ತೆಗೆದು ಅರ್ಧ ಗಂಟೆ ಆರಲು ಬಿಡಿ. ಮುಟ್ಟುವ ಮೊದಲು ಕೇಸಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ, ಕಾರ್ಡನ್ನು ಅಂಚಿನಲ್ಲೇ ಹಿಡಿಯಿರಿ.

2. ಹಿಂಭಾಗದ ಬ್ಯಾಕ್‌ಪ್ಲೇಟ್ ಎರಡು ತುಂಡಿನದು, ಬಹಳ ಸಣ್ಣ ಫಿಲಿಪ್ಸ್ ಸ್ಕ್ರೂಗಳಿವೆ. ತಲೆ ಸವೆದರೆ ಮತ್ತೆ ತೆಗೆಯುವುದು ಕಷ್ಟ. ಡ್ರೈವರನ್ನು ನೇರ ನಿಲ್ಲಿಸಿ ಬಲವಾಗಿ ಒತ್ತಿ ಆಮೇಲೆ ತಿರುಗಿಸಿ.

3. ಬ್ಯಾಕ್‌ಪ್ಲೇಟಿನ ಅಡಿಯಲ್ಲಿ ಆರು ಮೂಲೆಯ ಪುಟ್ಟ ಸ್ಟಡ್‌ಗಳು ಕಾಣುತ್ತವೆ. ನಟ್ ಡ್ರೈವರ್ ಬೇಕಾಗುವುದು ಇಲ್ಲೇ. ಇಕ್ಕಳದಿಂದ ತೆಗೆಯಲು ಹೋಗಿ ಜಾರಿದರೆ ಪಕ್ಕದ ಕೆಪಾಸಿಟರ್ ಕಿತ್ತು ಬರುತ್ತದೆ. ಸ್ಟಡ್‌ಗಳು ಒಂದೇ ಎತ್ತರದವಲ್ಲ. ಒಂದು ಕಾಗದದ ಮೇಲೆ ಕಾರ್ಡಿನ ಚಿತ್ರ ಬರೆದು, ತೆಗೆದ ಜಾಗದಲ್ಲೇ ಟೇಪಿನಿಂದ ಅಂಟಿಸುತ್ತಾ ಹೋಗಿ.

4. ಕೊನೆಗೆ ಚಿಪ್ಪಿನ ಹಿಂದಿನ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳು. ಕರ್ಣಕ್ಕೆ ಕರ್ಣವಾಗಿ, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ.

5. ಕೂಲರ್ ಬರದಿದ್ದರೆ ಮೀಟಬೇಡಿ. ಒಣಗಿದ ಪೇಸ್ಟ್ ಹಿಡಿದುಕೊಂಡಿರುತ್ತದೆ. ಹೇರ್ ಡ್ರೈಯರ್‌ನಿಂದ ಎರಡು ನಿಮಿಷ ಬಿಸಿ ಮಾಡಿ ಎಡಬಲಕ್ಕೆ ಮೆಲ್ಲಗೆ ಹೊರಳಿಸಿ. ಬಿಟ್ಟಿತು ಅನ್ನಿಸಿದ ಕೂಡಲೇ ಎತ್ತಬೇಡಿ, ಫ್ಯಾನಿನದೊಂದು, ಲೋಗೋ ದೀಪದ್ದೊಂದು, ಎರಡು ವೈರ್ ಒಳಗೆ ಸಿಕ್ಕಿಕೊಂಡಿರುತ್ತವೆ. ಕನೆಕ್ಟರಿನ ಪ್ಲಾಸ್ಟಿಕ್ ಹಿಡಿದು ಬಿಡಿಸಿ, ವೈರ್ ಹಿಡಿದು ಎಳೆದರೆ ಸಾಕೆಟ್ ಸಮೇತ ಬರುತ್ತದೆ.

ಈಗ ಚಿಪ್ ಕಾಣುತ್ತದೆ. ಪ್ರೊಸೆಸರಿಗೆ ಇರುವಂಥ ಲೋಹದ ಮುಚ್ಚಳ ಇದಕ್ಕಿಲ್ಲ, ಮುಟ್ಟುತ್ತಿರುವುದು ನೇರ ಸಿಲಿಕಾನ್. ಹಳೆಯ ಪೇಸ್ಟನ್ನು ಐಪಿಎ ಹಾಕಿ ಒಂದು ನಿಮಿಷ ನೆನೆಯಲು ಬಿಟ್ಟು, ಬಟ್ಟೆಯಲ್ಲಿ ಒರೆಸಿ. ಚಾಕು, ಬ್ಲೇಡ್ ಹತ್ತಿರ ತರಬೇಡಿ. ಚಿಪ್ಪಿನ ಸುತ್ತಲಿನ ಪುಟ್ಟ ಕೆಪಾಸಿಟರುಗಳ ನಡುವೆ ಉಳಿದ ಪೇಸ್ಟಿಗಾಗಿ ಹಟ ಮಾಡುವುದೂ ಬೇಡ, ಮಾಮೂಲಿ ಪೇಸ್ಟ್ ವಿದ್ಯುತ್ ಹರಿಸುವುದಿಲ್ಲ.

ಮೆಮೊರಿ ಮತ್ತು ವಿಆರ್‌ಎಂ

ಫೌಂಡರ್ಸ್ ಎಡಿಷನ್‌ನಲ್ಲಿ ಚಿಪ್ಪಿನ ಹೀಟ್‌ಸಿಂಕ್ ಬೇರೆ, ಬೋರ್ಡನ್ನು ಪೂರ್ತಿ ಮುಚ್ಚುವ ಲೋಹದ ತಟ್ಟೆ ಬೇರೆ. ಆ ತಟ್ಟೆ ಥರ್ಮಲ್ ಪ್ಯಾಡುಗಳ (ಬಿಸಿ ದಾಟಿಸುವ ಮೆತ್ತನೆಯ ಪಟ್ಟಿಗಳ) ಮೂಲಕ ಎಂಟು ಮೆಮೊರಿ ಚಿಪ್‌ಗಳ ಮತ್ತು ವಿಆರ್‌ಎಂನ ಬಿಸಿ ಹೀರುತ್ತದೆ. ಹೊಸ ಕೂಲರಿನೊಂದಿಗೆ ಈ ತಟ್ಟೆಯನ್ನು ಉಳಿಸಿಕೊಳ್ಳಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕವಚ, ಬ್ಲೋವರ್ ಚಕ್ರ, ಹಳೆಯ ಹೀಟ್‌ಸಿಂಕ್ ಬಿಚ್ಚಿ ತಟ್ಟೆಯನ್ನಷ್ಟೇ ಮತ್ತೆ ಬೋರ್ಡಿಗೆ ಕೂರಿಸಿ. ಪ್ಯಾಡ್ ಹರಿದಿದ್ದರೆ ಅದೇ ದಪ್ಪದ್ದು ಹಾಕಬೇಕು. ಒತ್ತಿ ಚಪ್ಪಟೆಯಾದ ಹಳೆಯ ಪ್ಯಾಡ್ ಅಳೆದರೆ ನಿಜವಾದ ದಪ್ಪ ಸಿಗುವುದಿಲ್ಲ, ಒತ್ತಡ ಬೀಳದ ಅಂಚನ್ನು ಅಳೆಯಿರಿ. ಅನುಮಾನವಿದ್ದರೆ ಪ್ಯಾಡಿನ ಬದಲು ಹಿಟ್ಟಿನಂತೆ ಮೆತ್ತಬಹುದಾದ ಥರ್ಮಲ್ ಪುಟ್ಟಿ ಬಳಸಿ, ಅಂತರ ಎಷ್ಟಿದ್ದರೂ ಅದು ಹೊಂದಿಕೊಳ್ಳುತ್ತದೆ.

ತಟ್ಟೆ ಹಾಕಿದ ಮೇಲೆ ಕೂಲರ್ ಚಿಪ್ಪಿಗೆ ತಾಗುತ್ತದೆಯೇ ಎಂದು ನೋಡಲೇಬೇಕು. ಚಿಪ್ಪಿನ ಮೇಲೆ ಪೇಸ್ಟಿನ ಒಂದು ಸಣ್ಣ ಬೊಟ್ಟಿಟ್ಟು, ಕೂಲರ್ ಕೂರಿಸಿ, ನಾಲ್ಕೂ ಸ್ಕ್ರೂ ಬಿಗಿದು, ಮತ್ತೆ ತೆಗೆಯಿರಿ. ಪೇಸ್ಟ್ ಎರಡೂ ಕಡೆ ತೆಳ್ಳಗೆ ಹರಡಿದ್ದರೆ ಸರಿ. ಬೊಟ್ಟು ದಪ್ಪಗೆ ಹಾಗೇ ಉಳಿದಿದ್ದರೆ ಕೂಲರಿನ ಬುಡವೋ ಹೀಟ್‌ಪೈಪಿನ ಬಾಗೋ ತಟ್ಟೆಗೆ ತಾಗಿ ನಿಂತಿದೆ ಎಂದರ್ಥ. ಅಂಥ ಸಂದರ್ಭದಲ್ಲಿ ಸ್ಕ್ರೂ ಇನ್ನಷ್ಟು ಬಿಗಿದು ಸರಿಮಾಡಲು ಹೋಗಬೇಡಿ, ಬೋರ್ಡ್ ಬಾಗುತ್ತದೆ. ತಟ್ಟೆ ಬಿಟ್ಟು, ಪ್ರತಿ ಚಿಪ್ಪಿಗೂ ಪ್ರತ್ಯೇಕ ಪುಟ್ಟ ಹೀಟ್‌ಸಿಂಕ್ ಅಂಟಿಸಬೇಕು.

ಆಗ ಯಾವುದಕ್ಕೆ ಅಂಟಿಸಬೇಕೆಂದು ಗುರುತು ಹಿಡಿಯುವುದು ಮುಖ್ಯ. ಚಿಪ್ಪನ್ನು ಸುತ್ತುವರಿದ ಕಪ್ಪು ಆಯತಗಳು ಮೆಮೊರಿ, ಸುಮಾರು 14 ಮಿ.ಮೀ. ಉದ್ದದವು. ಪವರ್ ಕನೆಕ್ಟರಿನ ಕಡೆಗೆ, ಆರ್22 ಎಂಬಂಥ ಗುರುತು ಕೊರೆದ ಘನಾಕಾರದ ಬೂದು ತುಂಡುಗಳ ಸಾಲೊಂದಿರುತ್ತದೆ. ಅವು ಕಾಯಿಲ್, ಅವಕ್ಕೆ ಹೀಟ್‌ಸಿಂಕ್ ಬೇಕಿಲ್ಲ. ಅವುಗಳ ಪಕ್ಕದಲ್ಲೇ ಚಪ್ಪಟೆಯಾಗಿ, ಸಣ್ಣಗೆ, ಗಮನಕ್ಕೇ ಬಾರದಂತೆ ಕೂತಿರುವ ಕಪ್ಪು ಚಿಪ್‌ಗಳು ಮಾಸ್‌ಫೆಟ್, ವಿಆರ್‌ಎಂನಲ್ಲಿ ಬಿಸಿಯಾಗುವ ಭಾಗ ಇವೇ. ಕಾರ್ಡಿಗೆ ಬರುವ 12 ವೋಲ್ಟನ್ನು ಸುಮಾರು 1 ವೋಲ್ಟಿಗೆ ಇಳಿಸುವ ಕೆಲಸ ಅವುಗಳದ್ದು, ಆ ಕೆಲಸದಲ್ಲಿ ನಷ್ಟವಾಗುವುದೆಲ್ಲ ಶಾಖ. ಕಣ್ಣಿಗೆ ದೊಡ್ಡದಾಗಿ ಕಾಣುವ ಕಾಯಿಲ್‌ಗೆ ಹೀಟ್‌ಸಿಂಕ್ ಅಂಟಿಸಿ ಮಾಸ್‌ಫೆಟ್ ಬರಿದಾಗಿ ಬಿಡುವುದು ಬಹಳ ಜನ ಮಾಡುವ ತಪ್ಪು. ಫೌಂಡರ್ಸ್ ಎಡಿಷನ್ 1080ರಲ್ಲಿ ಮಾಸ್‌ಫೆಟ್ ತಾಪಮಾನ ಯಾವ ಸಾಫ್ಟ್‌ವೇರಿನಲ್ಲೂ ಕಾಣುವುದಿಲ್ಲ, ಹಾಗಾಗಿ ಚಿಪ್ 60 ಡಿಗ್ರಿ ತೋರಿಸುತ್ತಿರುವಾಗಲೇ ಅತ್ತ ಅದು ನೂರು ದಾಟಿದ್ದರೂ ಗೊತ್ತಾಗುವುದಿಲ್ಲ.

ಅಂಟಿಸುವ ಮೊದಲು ಪ್ರತಿ ಚಿಪ್ಪಿನ ಮೈಯನ್ನು ಐಪಿಎಯಿಂದ ಎರಡು ಸಲ ಒರೆಸಿ. ಹಳೆಯ ಪ್ಯಾಡುಗಳಿಂದ ಒಸರಿದ ಸಿಲಿಕೋನ್ ಎಣ್ಣೆ ಒಂದು ಪದರ ಉಳಿದರೂ ಟೇಪ್ ಹಿಡಿಯುವುದಿಲ್ಲ. ಟೇಪನ್ನು ಹೀಟ್‌ಸಿಂಕಿನ ಅಳತೆಗೆ ಕತ್ತರಿಸಿ, ಅಂಟಿಸಿ, ಒಂದೊಂದನ್ನೂ 30 ಸೆಕೆಂಡ್ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಆಮೇಲೆ ಒಂದು ರಾತ್ರಿ ಹಾಗೇ ಬಿಡಿ. ಟವರ್ ಕೇಸಿನಲ್ಲಿ ಕಾರ್ಡಿನ ಈ ಮುಖ ಕೆಳಕ್ಕೆ ತಿರುಗಿರುತ್ತದೆ, ಈ ಹೀಟ್‌ಸಿಂಕ್‌ಗಳು ತಮ್ಮ ತೂಕಕ್ಕೆ ನೇತಾಡುತ್ತಾ ಬಿಸಿಯಲ್ಲಿ ಕೂತಿರುತ್ತವೆ. ಅಂಟು ಅರೆಬರೆಯಾದರೆ ಒಂದು ದಿನ ಕಳಚಿ ಫ್ಯಾನಿನ ಮೇಲೋ, ಇನ್ನೂ ಕೆಟ್ಟದೆಂದರೆ ಮದರ್‌ಬೋರ್ಡ್ ಮೇಲೋ ಬೀಳುತ್ತದೆ. ಎರಡು ಭಾಗ ಬೆರೆಸುವ ಥರ್ಮಲ್ ಅಂಟು ಬಿಡುವುದಿಲ್ಲ ನಿಜ, ಆದರೆ ಮುಂದೆ ತೆಗೆಯಲು ಹೋದರೆ ಚಿಪ್ಪೇ ಕಿತ್ತು ಬರಬಹುದು. ಕಾರ್ಡನ್ನು ಮಾರುವ ಯೋಚನೆ ಇದ್ದವರು ಅದನ್ನು ಬಳಸಬಾರದು.

ಕೂಲರಿನ ಬುಡದ ಹತ್ತಿರದ ಮೆಮೊರಿ ಚಿಪ್‌ಗಳ ಮೇಲೆ ಹೀಟ್‌ಪೈಪ್ ಹಾದುಹೋಗುತ್ತದೆ. ಅಲ್ಲಿಗೆ ಕುಳ್ಳ ಹೀಟ್‌ಸಿಂಕ್, ಹೊರಗಿನವಕ್ಕೆ ಎತ್ತರದ್ದು.

ಕೂಲರ್ ಕೂರಿಸುವುದು

ಕೂಲರಿನ ಬುಡದ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀರಾ ನೋಡಿ. ಅದನ್ನು ಮರೆತರೆ ಆಟದ ಮಾತಿರಲಿ, ವಿಂಡೋಸ್ ಏಳುವಷ್ಟರಲ್ಲಿ 90 ಡಿಗ್ರಿ. ಚಿಪ್ಪಿಗೆ ಎರಡು ಅಕ್ಕಿಕಾಳಿನಷ್ಟು ಪೇಸ್ಟ್ ಹಾಕಿ, ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ನಾಲ್ಕೂ ಮೂಲೆ ಮುಚ್ಚುವಂತೆ ತೆಳ್ಳಗೆ ಹರಡಿ. ಪ್ರೊಸೆಸರಿಗೆ ಮಾಡುವ ಹಾಗೆ ನಡುವೆ ಬೊಟ್ಟಿಟ್ಟು ಬಿಡಬೇಡಿ, ಮುಚ್ಚಳವಿಲ್ಲದ ಚಿಪ್ಪಿನ ಒಂದು ಮೂಲೆ ಪೇಸ್ಟಿಲ್ಲದೆ ಉಳಿದರೂ ಆ ಮೂಲೆ ಕಾಯುತ್ತದೆ.

ಕೂಲರನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಕಾರ್ಡನ್ನು ಅದರ ಮೇಲೆ ಇಳಿಸಿ. ಕೂಲರನ್ನು ಕಾರ್ಡಿನ ಮೇಲೆ ಇಳಿಸಲು ಹೋದರೆ ತೂತು ಕಾಣುವುದಿಲ್ಲ, ಜಾರಿದ ತಾಮ್ರದ ಬುಡ ಚಿಪ್ಪಿನ ಮೂಲೆ ಚಕ್ಕೆ ಎಬ್ಬಿಸಬಹುದು, ಆಮೇಲೆ ಕಾರ್ಡ್ ಉಳಿಯುವುದಿಲ್ಲ. ಸ್ಕ್ರೂ ಮತ್ತು ಬೋರ್ಡಿನ ನಡುವೆ ಡಬ್ಬಿಯಲ್ಲಿ ಕೊಟ್ಟ ನೈಲಾನ್ ವಾಷರ್ ಇರಲೇಬೇಕು. ನಾಲ್ಕನ್ನೂ ಬೆರಳಲ್ಲೇ ಎರಡು ಸುತ್ತು ಹಿಡಿಸಿ, ಆಮೇಲೆ ಕರ್ಣಕ್ಕೆ ಕರ್ಣವಾಗಿ ಒಂದೊಂದಕ್ಕೆ ಅರ್ಧ ಸುತ್ತಿನಂತೆ ಬಿಗಿಯಿರಿ. ಸ್ಕ್ರೂ ತಾನಾಗಿ ನಿಂತಲ್ಲಿಗೆ ಮುಗಿಯಿತು. ಬೋರ್ಡನ್ನು ಪಕ್ಕದಿಂದ ನೋಡಿದಾಗ ಬಾಗಿದ್ದರೆ ಕಾಲು ಸುತ್ತು ಸಡಿಲಿಸಿ.

ಫ್ಯಾನುಗಳನ್ನು ತಂತಿ ಕ್ಲಿಪ್‌ನಿಂದ ಸಿಕ್ಕಿಸಿ. ಕಡ್ಡಿಗಳೂ ಸ್ಟಿಕ್ಕರೂ ಇರುವ ಬದಿ ಹೀಟ್‌ಸಿಂಕಿನ ಕಡೆಗಿರಬೇಕು, ಗಾಳಿ ಬೋರ್ಡಿನ ಮೇಲೆ ಬೀಳಬೇಕು. ಉಲ್ಟಾ ಹಾಕಿದರೂ ಚಿಪ್ ತಕ್ಕಮಟ್ಟಿಗೆ ತಂಪಾಗುತ್ತದೆ, ಮೆಮೊರಿಗೆ ಮಾತ್ರ ಗಾಳಿಯೇ ಸಿಗುವುದಿಲ್ಲ.

ವೈರ್ ಮತ್ತು ವೇಗ

ಕಾರ್ಡಿನ ಫ್ಯಾನ್ ಸಾಕೆಟಿನ ಪಿನ್‌ಗಳು 2 ಮಿ.ಮೀ. ಅಂತರದವು, ಮಾಮೂಲಿ ಫ್ಯಾನಿನದು 2.54. ಅಡಾಪ್ಟರ್ ಬೇಕಾಗುವುದು ಅದಕ್ಕೆ. ಅಡಾಪ್ಟರಿಗೆ ಸ್ಪ್ಲಿಟರ್, ಸ್ಪ್ಲಿಟರಿಗೆ ಎರಡು ಫ್ಯಾನ್. ಎರಡರಲ್ಲಿ ಒಂದರ ವೇಗದ ವೈರ್ ಮಾತ್ರ ಕಾರ್ಡಿಗೆ ಹೋಗಬೇಕು, ಸ್ಪ್ಲಿಟರಿನ ಒಂದು ತುದಿಯಲ್ಲಿ ಮೂರೇ ಪಿನ್ ಇರುವುದು ಆ ಕಾರಣಕ್ಕೇ. ಹಳೆಯ ಬ್ಲೋವರ್ ಮೇಲಿನ ಸ್ಟಿಕ್ಕರಿನಲ್ಲಿ ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ, ಹೊಸ ಎರಡರ ಒಟ್ಟು ಅದಕ್ಕಿಂತ ಕಡಿಮೆ ಇರಲಿ. ಎನ್‌ಎಫ್-ಎ12ಎಕ್ಸ್25 ಒಂದಕ್ಕೆ 0.14 ಆಂಪಿಯರ್ ಅಷ್ಟೇ, ಹಾಗಾಗಿ ಚಿಂತೆ ಇಲ್ಲ. ಬಣ್ಣದ ದೀಪದ ಫ್ಯಾನ್ ಆದರೆ ಲೆಕ್ಕ ಬೇರೆ.

ಅಡಾಪ್ಟರ್ ಸಿಗದಿದ್ದರೆ ಮದರ್‌ಬೋರ್ಡಿನ ಕೇಸ್ ಫ್ಯಾನ್ ಪಿನ್ನಿಗೆ ಕೊಟ್ಟು, ಫ್ಯಾನ್ ಕಂಟ್ರೋಲ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಗ್ರಾಫಿಕ್ಸ್ ಚಿಪ್ಪಿನ ತಾಪಮಾನಕ್ಕೆ ಜೋಡಿಸಿ. ಒಂದೇ ಎಚ್ಚರಿಕೆ: ವಿಂಡೋಸ್ ಏಳುವ ಮುನ್ನ ಅಥವಾ ಸಾಫ್ಟ್‌ವೇರ್ ನಿಂತುಹೋದಾಗ ಫ್ಯಾನ್ ತಿರುಗುತ್ತಿರಬೇಕು, ಬಯಾಸ್‌ನಲ್ಲಿ ಕನಿಷ್ಠ ವೇಗ 40 ಶೇಕಡಾ ಇಟ್ಟಿರಿ.

ವೇಗದ ಗೆರೆ ಹೀಗೆ ಶುರುಮಾಡಿ: 40 ಡಿಗ್ರಿಗೆ 30 ಶೇಕಡಾ, 60ಕ್ಕೆ 45, 70ಕ್ಕೆ 60, 80ಕ್ಕೆ 100. ತಾಪಮಾನ ಮೂರು ನಾಲ್ಕು ಡಿಗ್ರಿ ಇಳಿಯುವ ತನಕ ವೇಗ ಇಳಿಯದಂತೆ ಹಿಸ್ಟೆರಿಸಿಸ್ ಹಾಕಿ. ಕ್ಷಣಕ್ಷಣಕ್ಕೂ ಏರಿಳಿಯುವ ಸದ್ದು ಒಂದೇ ಸಮನೆ ಇರುವ ಸದ್ದಿಗಿಂತ ಹೆಚ್ಚು ಕಿರಿಕಿರಿ. ಕೆಲವು ಫ್ಯಾನುಗಳು ಒಂದು ನಿರ್ದಿಷ್ಟ ವೇಗದಲ್ಲಿ ಗುಂಯ್‌ಗುಡುತ್ತವೆ. ಆ ವೇಗ ಯಾವುದೆಂದು ಕಿವಿಯಲ್ಲೇ ಹುಡುಕಿ ಗೆರೆ ಅದನ್ನು ದಾಟಿ ಹಾರುವಂತೆ ಇಡಿ.

ಮೊದಲ ಓಟ

8-ಪಿನ್ ಪವರ್ ಕೇಬಲ್ ಚುಚ್ಚಿ, ಆಸರೆ ಕೊಟ್ಟು, ಫ್ಯಾನ್ ತಿರುಗುವುದನ್ನು ಕಣ್ಣಾರೆ ನೋಡಿ. ಹತ್ತು ನಿಮಿಷ ಸುಮ್ಮನೆ ಬಿಟ್ಟರೆ 35–45 ಡಿಗ್ರಿ ಇರಬೇಕು. ಆಮೇಲೆ ಕಾರ್ಡಿಗೆ ಹೊರೆ ಹಾಕಿ ಪರೀಕ್ಷಿಸುವ ಸಾಫ್ಟ್‌ವೇರುಗಳಾದ ಯುನಿಜಿನ್ ಹೆವನ್ ಅಥವಾ ಸೂಪರ್‌ಪೊಸಿಷನ್ 20 ನಿಮಿಷ. ಫರ್‌ಮಾರ್ಕ್ ಬೇಡ, ಅದು ವಿಆರ್‌ಎಂಗೆ ಆಟಗಳಿಗಿಂತ ಹೆಚ್ಚು ಹೊರೆ ಹಾಕುತ್ತದೆ, ಇಲ್ಲಿ ನಾವು ಮುಟ್ಟಿರುವುದೂ ಅದನ್ನೇ. ಗಾಳಿ ಚೆನ್ನಾಗಿರುವ ಕೇಸಿನಲ್ಲಿ 1080 ಕಾರ್ಡು 60ರ ಆಸುಪಾಸಿನಲ್ಲಿ ನಿಲ್ಲಬೇಕು. ಕೋಣೆಯ ಬಿಸಿ ಏರಿದಷ್ಟೂ ಚಿಪ್ಪೂ ಸರಿಸುಮಾರು ಅಷ್ಟೇ ಏರುತ್ತದೆ. ಕಲಬುರಗಿ, ರಾಯಚೂರಿನ ಮೇ ತಿಂಗಳ 42 ಡಿಗ್ರಿಯಲ್ಲಿ 75 ಬಂದರೆ ಗಾಬರಿ ಬೇಡ, ಅದೇ ಜೋಡಣೆ ಮಡಿಕೇರಿಯ ಮಳೆಗಾಲದಲ್ಲಿ 55 ತೋರಿಸೀತು.

ಹೊರೆ ಬಿದ್ದ ಕೆಲವೇ ಸೆಕೆಂಡಿಗೆ 85 ದಾಟಿದರೆ ಕೂಲರ್ ಚಿಪ್ಪಿಗೆ ತಾಗಿಲ್ಲ. ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿಯಾದ ಜಾಗದ ತಾಪಮಾನ) ತೋರಿಸುವ ಕಾರ್ಡಾದರೆ ಅದಕ್ಕೂ ಮಾಮೂಲಿ ತಾಪಮಾನಕ್ಕೂ 10–15 ಡಿಗ್ರಿ ಅಂತರ ಸಹಜ, 25 ದಾಟಿದರೆ ಕೂಲರ್ ಓರೆಯಾಗಿ ಕೂತಿದೆ ಅಥವಾ ಪೇಸ್ಟ್ ಎಲ್ಲ ಕಡೆ ಹರಡಿಲ್ಲ. ಪರದೆಯ ಮೇಲೆ ಬಣ್ಣದ ಚುಕ್ಕಿ, ಚೌಕ ಹಾರಿದರೆ ಮೆಮೊರಿ ನೋಡಿ. ಚಿಪ್ ತಂಪಾಗಿದ್ದರೂ ಹತ್ತಿಪ್ಪತ್ತು ನಿಮಿಷಕ್ಕೆ ಕಂಪ್ಯೂಟರ್ ತಾನಾಗಿ ಆಫ್ ಆದರೆ ಅನುಮಾನ ವಿಆರ್‌ಎಂ ಮೇಲೆ.

ಎರಡು ಫ್ಯಾನಿನ ಮಾಮೂಲಿ ಕಾರ್ಡು ಇದ್ದವರಿಗೆ

ಆರ್‌ಟಿಎಕ್ಸ್ 3060 ಟಿಐನಂಥ, ಈಗಾಗಲೇ ತೆರೆದ ಹೀಟ್‌ಸಿಂಕ್ ಇರುವ ಕಾರ್ಡಿಗೆ ಇಷ್ಟೆಲ್ಲ ಬೇಕಿಲ್ಲ. ಹೀಟ್‌ಸಿಂಕ್ ಚೆನ್ನಾಗಿಯೇ ಇರುತ್ತದೆ, ಗದ್ದಲ ಮಾಡುವುದು ಸಣ್ಣ ಫ್ಯಾನ್. ಪ್ಲಾಸ್ಟಿಕ್ ಕವಚ ಮತ್ತು ಫ್ಯಾನ್ ಮಾತ್ರ ಬಿಚ್ಚಿ, ಚಿಪ್ಪಿನ ಸ್ಕ್ರೂ ಮುಟ್ಟದೆ, ಎರಡು 120 ಮಿ.ಮೀ. ಫ್ಯಾನುಗಳನ್ನು ಹೀಟ್‌ಸಿಂಕಿಗೆ ಒತ್ತಿ ಕೇಬಲ್ ಟೈ ಬಿಗಿಯಿರಿ. ಹೀಟ್‌ಸಿಂಕ್ ಕನಿಷ್ಠ 230 ಮಿ.ಮೀ. ಉದ್ದ ಇರಬೇಕು. ಫ್ಯಾನಿನ ಅಂಚು ಹೊರಗೆ ಚಾಚಿದ್ದರೆ ಆ ಭಾಗಕ್ಕೆ ಫೋಮ್ ಪಟ್ಟಿ ಅಂಟಿಸಿ, ಇಲ್ಲದಿದ್ದರೆ ಗಾಳಿ ರೆಕ್ಕೆಗಳ ನಡುವೆ ಹೋಗುವ ಬದಲು ಪಕ್ಕದಿಂದ ಸೋರುತ್ತದೆ. ಪೇಸ್ಟ್, ಪ್ಯಾಡ್ ಯಾವುದೂ ಅಲುಗದ ಕಾರಣ ಕೆಡುವ ಭಯ ಕಡಿಮೆ. ವೈರ್ ಮತ್ತು ವೇಗದ ಮಾತು ಮೇಲಿನದೇ. ಹೊಸಬರು ಇಲ್ಲಿಂದಲೇ ಶುರುಮಾಡುವುದು ಒಳ್ಳೆಯದು.

ಟೇಪಿನಲ್ಲಿ ಹೀಟ್‌ಸಿಂಕ್ ಅಂಟಿಸಿದವರು ಎರಡು ವಾರ ಕಳೆದ ಮೇಲೆ ಕೇಸ್ ತೆರೆದು, ಟಾರ್ಚ್ ಹಿಡಿದು ಕಾರ್ಡಿನ ಕೆಳಗಿನಿಂದ ನೋಡಿ. ಜಾರಿದ್ದು, ಓರೆಯಾದದ್ದು ಒಂದಿದ್ದರೆ ತೆಗೆದು, ಎರಡೂ ಮೈ ಒರೆಸಿ, ಹೊಸ ಟೇಪ್ ಹಾಕಿ. ಒಂದು ಸಲ ಕಿತ್ತ ಟೇಪ್ ಮತ್ತೆ ಹಿಡಿಯುವುದಿಲ್ಲ.